ಕರಿ ಗೋಡಿನ ವರ್ಷ

ನಮ್ಮ ಹುಳುಮನೆಯ ಹೊಸ್ತಿಲ ಮುಂದೆ ಒಂದು ಗೇಣು ಅಗಲಕ್ಕೆ ಸುಣ್ಣದ ಪುಡಿ ಹರವಿರುತ್ತದೆ. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ಅದರ ಮೇಲೆ ಬರಿಗಾಲು ಒತ್ತಿಯೇ ಹೋಗಬೇಕು. ರೇಷ್ಮೆ ಹುಳು ಸಾಕುವ ಎಲ್ಲ ಮನೆಗಳಲ್ಲೂ ಇದು ಇದ್ದದ್ದೇ. ಆದರೆ ನಮ್ಮ ಅತ್ತಿಗೆಯದು ಎಲ್ಲರಿಗಿಂತ ಒಂದು ಕೈ ಮೇಲು. ಊದುಬತ್ತಿ ಹಚ್ಚಿದವರು, ಸೊಳ್ಳೆಬತ್ತಿ ಇಟ್ಟ ಕೋಣೆಯಲ್ಲಿ ಮಲಗೆದ್ದವರು, ಬೀಡಿ ಸೇದಿದವರು, ವಾಸನೆ ಎಣ್ಣೆ ಹಚ್ಚಿಕೊಂಡವರು, ಯಾರೂ ಆ ಸುಣ್ಣ ದಾಟುವಂತಿರಲಿಲ್ಲ. ನನಗಂತೂ ಭಾನುವಾರ ಮಾತ್ರ ಪ್ರವೇಶ, ಅದೂ ತಲೆಗೆ ನೀರು ಹುಯ್ದುಕೊಂಡು ಅವಳ ಹಳೇ ಸೀರೆ ಉಟ್ಟ ಮೇಲೆ. "ನಿನ್ ಮೈಯೆಲ್ಲ ಆಸಿಡ್ ವಾಸ್ನೆ ಕಣಮ್ಮಿ. ಹುಳ ತಲೆ ತಿರುಗಿ ಬೀಳ್ತವೆ," ಎನ್ನುವಳು. ನನ್ನ ಗಂಡನಿಗೇ ಇಲ್ಲದ ಮೂಗು ಅವಳಿಗೆ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ನಮ್ಮೂರು ಅಕ್ಕೂರಿನ ಕಡೆ. ಅವಳು ಮದುವೆಯಾಗಿ ಬಂದಾಗ ನಾನು ಚನ್ನಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದೆ. ಹುಳು ಸಾಕುವ ಕೆಲಸ ಅವ್ವನ ಕೈಯಿಂದ ಅವಳ ಕೈಗೆ ಬಂದದ್ದು ಆ ವರ್ಷವೇ. ಅವ್ವನ ಕಾಲದಲ್ಲಿ ಎರಡು ಬೆಳೆ ಬಂದರೆ ಒಂದು ಹೋಗುತ್ತಿತ್ತು. ಇವಳ ಕೈಗೆ ಬಂದ ಮೇಲೆ ಗೂಡು ಕಟ್ಟದ ಬೆಳೆ ಅಂತ ಒಂದೂ ನೆನಪಿಲ್ಲ. ನಾನು ಬಿ.ಎಸ್ಸಿ. ಮುಗಿಸಿದ್ದು, ಆಮೇಲೆ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದ್ದು, ಎಲ್ಲ ಆ ಹುಳುಗಳ ದುಡ್ಡಿನ ಮೇಲೆ. ಇದನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಆಡಿದವಳಲ್ಲ. ನಾನೂ ಆಡಲಿಲ್ಲ. ನಮ್ಮ ಮನೆಯಲ್ಲಿ ಉಪಕಾರ ನೆನೆಸಿಕೊಳ್ಳುವ ಅಭ್ಯಾಸ ಕಡಿಮೆ.

ನನಗೆ ಕೆಲಸ ರಾಮನಗರದಲ್ಲಿ, ಮಣ್ಣು ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ. ಇಪ್ಪತ್ತು ವರ್ಷದ ಮೇಲಾಯಿತು. ಮಾಗಡಿ ಕಡೆಯವರು, ಕನಕಪುರ ಕಡೆಯವರು ಬೋರ್‌ವೆಲ್ ನೀರು ತರುತ್ತಾರೆ, ಬಹಳಷ್ಟು ಜನ ಬ್ರಾಂದಿ ಬಾಟಲಿಯಲ್ಲಿ. "ರೀ, ಇದರಲ್ಲಿ ನಿಮ್ಮ ಬೋರು ಎಷ್ಟು, ರಾತ್ರಿಯದು ಎಷ್ಟು ಅಂತ ಹೇಳಲಿ?" ಎಂದು ರೇಗುತ್ತೇನೆ. ಅವರು ನಗುತ್ತಾರೆ. ಮೊದಮೊದಲು ಕೆಟ್ಟ ನೀರು ಸಿಕ್ಕಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಈ ನೀರನ್ನು ಈ ಮನುಷ್ಯನ ಮಕ್ಕಳು ಕುಡಿಯುತ್ತಿದ್ದಾರಲ್ಲ ಎಂದು ಅದನ್ನೇ ಎರಡೆರಡು ಸಲ ಪರೀಕ್ಷೆ ಮಾಡುತ್ತಿದ್ದೆ. ಬರಬರುತ್ತಾ ಅದೆಲ್ಲ ನಿಂತಿತು. ಕಾಲು ಮಡಚಿಕೊಂಡು ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ. ಸಂಖ್ಯೆ ಬರೆಯುತ್ತೇನೆ, ಸಹಿ ಹಾಕುತ್ತೇನೆ, ಮುಂದಿನ ಬಾಟಲಿ ತೆಗೆಯುತ್ತೇನೆ.

ಆ ವರ್ಷದ ಬೇಸಿಗೆಯಲ್ಲಿ ನಮ್ಮೂರ ಕೆರೆ ತಳ ಕಂಡಿತು. ಕೆರೆ ಒಣಗಿದರೆ ನಮ್ಮಲ್ಲಿ ಯಾರೂ ಗೋಳಾಡುವುದಿಲ್ಲ, ಗೋಡು ಹೊಡೆಯಲು ಓಡುತ್ತಾರೆ. ಗೋಡು ಅಂದರೆ ಕೆರೆಯ ತಳದಲ್ಲಿ ವರ್ಷಾನುಗಟ್ಟಲೆ ಕೂತ ಹೂಳು. ಅದನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ತಂದು ಹಿಪ್ಪುನೇರಳೆ ತೋಟಕ್ಕೆ ಹರವಿದರೆ ಮೂರು ವರ್ಷ ಬೇರೆ ಗೊಬ್ಬರದ ಮಾತೇ ಇಲ್ಲ. ಅದರಲ್ಲೂ ಒಂದು ಲೆಕ್ಕ ಇದೆ. ಮೇಲಿನ ಕೆಂಚು ಮಣ್ಣು ಯಾರಿಗೂ ಬೇಡ. ತೂಬಿನ ಹತ್ತಿರ, ಆಳದಲ್ಲಿ, ಕಾಡಿಗೆಯಂತೆ ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ ಹೊಡೆಯುವ ಗೋಡು ಇದೆಯಲ್ಲ, ಅದಕ್ಕೆ ಜಗಳ. ಎಷ್ಟು ಕರಿಯೋ ಅಷ್ಟು ಸಾರ, ಎಷ್ಟು ನಾತವೋ ಅಷ್ಟು ಸೊಪ್ಪು. ಅಜ್ಜನ ಕಾಲದಿಂದ ಹೀಗೆಯೇ ಆರಿಸಿಕೊಂಡು ಬಂದಿದ್ದಾರೆ. ಕೆರೆಗೆ ಮಳೆನೀರು, ದನದ ಸಗಣಿ, ಕೊಳೆತ ಎಲೆ ಮಾತ್ರ ಬರುತ್ತಿದ್ದ ಕಾಲದಲ್ಲಿ ಅದು ಸರಿಯೇ ಇತ್ತು.

ಅಣ್ಣ ಒಂದು ಮೊಸರಿನ ಡಬ್ಬಿಯಲ್ಲಿ ಗೋಡು, ಒಂದು ಬಾಟಲಿಯಲ್ಲಿ ಗುಂಡಿಯಲ್ಲಿ ಉಳಿದಿದ್ದ ಕೆರೆ ನೀರು ತಂದು ನನ್ನ ಮೇಜಿನ ಮೇಲಿಟ್ಟ. "ಒಸಿ ನೋಡ್ಬುಡಮ್ಮಿ. ನಾಳೆಯಿಂದ ಟ್ರ್ಯಾಕ್ಟ್ರು ಬುಡ್ತೀನಿ." ನೋಡಿದೆ. ನೀರು ಚೆನ್ನಾಗಿತ್ತು. ಗೋಡು ಅದಕ್ಕಿಂತ ಚೆನ್ನಾಗಿತ್ತು. ನಮ್ಮ ನಮೂನೆಯಲ್ಲಿ ಉಪ್ಪು, ಹುಳಿ, ಸಾರಜನಕ, ರಂಜಕ, ಪೊಟ್ಯಾಷ್, ಇಂಗಾಲ ಇವಕ್ಕೆ ಕಾಲಂ ಇದೆ. ರೈತ ಕೇಳುವುದೂ ಅಷ್ಟೇ, ನಾವು ನೋಡುವುದೂ ಅಷ್ಟೇ. ಭಾರಲೋಹಕ್ಕೆ ಕಾಲಂ ಇಲ್ಲ, ನಮ್ಮಲ್ಲಿ ಅದರ ಯಂತ್ರವೂ ಇಲ್ಲ. ಇಲ್ಲದ ಕಾಲಂ ತುಂಬಿಸುವುದು ಯಾರಿಗೂ ನೆನಪಾಗುವುದಿಲ್ಲ. ಕೆಂಪು ಪೆನ್ನಿನಲ್ಲಿ "ಅತ್ಯುತ್ತಮ, ತೋಟಕ್ಕೆ ಬಳಸಬಹುದು" ಎಂದು ಬರೆದು, ಅಣ್ಣ ಎಂಬ ಸಲಿಗೆಗೆ ದೊಡ್ಡದಾಗಿ ಸಹಿ ಹಾಕಿ ಕೊಟ್ಟೆ. ಅವನು ಅದನ್ನು ಊರೆಲ್ಲ ತೋರಿಸಿ, ಕೊನೆಗೆ ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದ. ತೂಬಿನ ಹತ್ತಿರ ಆ ಸಲ ತೆಗೆದ ಕರಿ ಗೋಡು ಅಷ್ಟೂ ನಮ್ಮ ತೋಟಕ್ಕೇ ಬಂತು. ತಂಗಿ ಲ್ಯಾಬಿನವಳಾದ್ದರಿಂದ ಊರವರು ಮೊದಲ ಸರದಿ ಅವನಿಗೇ ಬಿಟ್ಟರು.

ಮಳೆ ಬಿತ್ತು. ಸೊಪ್ಪು ಬಂತು ನೋಡಿ, ಅಯ್ಯೋ, ಅಂಗೈ ಅಗಲ, ಎಣ್ಣೆ ಸವರಿದ ಹಾಗೆ ಹಸಿರು. ಅವ್ವ ದೃಷ್ಟಿಯಾಗದಿರಲಿ ಎಂದು ತೋಟದ ಮೂಲೆಗೆ ಹಳೇ ಚಪ್ಪಲಿ ಕಟ್ಟಿಸಿದಳು.

ಆ ಸೊಪ್ಪಿನ ಮೊದಲ ಬೆಳೆ ನಡೆಯುತ್ತಿರುವಾಗ ಅತ್ತಿಗೆಯ ತಾಯಿ ತೀರಿಕೊಂಡರು. ಕನಕಪುರದ ಆಚೆ ಒಂದು ಹಳ್ಳಿ. ಹುಳು ಆಗ ನಾಲ್ಕನೇ ಜ್ವರಕ್ಕೆ ಕೂತಿತ್ತು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದ ಮೇಲೆ ವಾರವಿಡೀ ಹಗಲು ರಾತ್ರಿ ಸೊಪ್ಪು ಬೇಕು. ಅತ್ತಿಗೆ ತಾಯಿಯನ್ನು ಮಣ್ಣು ಮಾಡಿ, ಮೂರು ದಿನ ಇದ್ದು, ನಾಲ್ಕನೇ ದಿನ ಬೆಳಿಗ್ಗೆ ಹೊರಟು ಬಂದುಬಿಟ್ಟಳು. ಕೊಟ್ಟ ಹೆಣ್ಣಿಗೆ ಮೂರು ದಿನ ಸಾಕು ಎನ್ನುವವರೂ ಇದ್ದಾರೆ. ಆದರೆ ನಮ್ಮ ಅವ್ವನ ಲೆಕ್ಕದಲ್ಲಿ ಹನ್ನೊಂದನೇ ದಿನದ ಕಾರ್ಯ ಮುಗಿಯುವ ತನಕ ಸೂತಕವೇ. "ಹುಳ ಜ್ವರದಿಂದ ಎದ್ದಿರ್ತವೆ ಅತ್ತೆ, ಯಾರು ನೋಡ್ಕತಾರೆ?" ಎಂದಳಂತೆ ಅತ್ತಿಗೆ. ಆಮೇಲೆ ನನ್ನ ಹತ್ತಿರ, "ಅಳಾಕೂ ಟೈಮ್ ಸಿಕ್ನಿಲ್ಲ ಕಣಮ್ಮಿ," ಎಂದಳು. ನಾನು ಹೂಂ ಎಂದೆ.

ಹುಳು ಜ್ವರದಿಂದ ಎದ್ದವು, ಆದರೆ ತಿನ್ನಲಿಲ್ಲ. ಅರ್ಧ ತಿಂದು, ಸೊಪ್ಪಿನ ಮೇಲಿಂದ ಇಳಿದು ತಟ್ಟೆಯ ಅಂಚಿಗೆ ಹರಿದಾಡಿದವು. ಮೈ ಚಿಕ್ಕದಾಯಿತು. ಬಲಿತು ಹಣ್ಣಾಗಬೇಕಾದ ದಿನ ಹಣ್ಣಾಗಲಿಲ್ಲ. ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ಚಂದ್ರಿಕೆಯ ಮೇಲೆ ಹಾಕಿದರೆ ಅಲ್ಲೇ ಬಾಗಿ ಸತ್ತವು. ಕಟ್ಟಿದ ನಾಲ್ಕು ಗೂಡೂ ಈರುಳ್ಳಿ ಸಿಪ್ಪೆಯಷ್ಟು ತೆಳು. ಅತ್ತಿಗೆಗೆ ಹುಳುವಿನ ಕಾಯಿಲೆ ಎಲ್ಲ ಗೊತ್ತು. ಹಾಲುತೊಂಡೆ ಬಂದರೆ ಮೈ ಹಳದಿಯಾಗುತ್ತದೆ, ಸುಣ್ಣಕಟ್ಟು ಬಂದರೆ ಬೆಳ್ಳಗೆ ಗಟ್ಟಿಯಾಗುತ್ತದೆ. ಇದು ಎರಡೂ ಅಲ್ಲ. "ಇದು ಯಾವ್ದೂ ಅಲ್ಲ," ಎಂದು ಅವಳು ಹೇಳುತ್ತಲೇ ಇದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಎರಡನೇ ಬೆಳೆಯೂ ಹಾಗೆಯೇ ಹೋಯಿತು. ಅವ್ವ ಆವತ್ತು ಹುಳುಮನೆಯ ಹೊಸ್ತಿಲಲ್ಲಿ ಹೊಸ ಸುಣ್ಣ ಹರವಿ, ಅತ್ತಿಗೆಯನ್ನು ಕರೆದು ಹೇಳಿದಳು: "ಸೂತಕ ಇಟ್ಕಂಡು ಹುಳ ಮುಟ್ಬುಟ್ಟೆ. ಹುಳ ಅಂದ್ರೆ ದೇವ್ರಿದ್ದಂಗೆ ಕಣವ್ವ. ಇನ್ ಮ್ಯಾಕೆ ನೀನು ಇದ ದಾಟ್ಬ್ಯಾಡ." ಅವ್ವ ಕೂಗಾಡಲಿಲ್ಲ. ಕೂಗಾಡಿದ್ದರೆ ಅತ್ತಿಗೆಯೂ ಜಗಳಕ್ಕೆ ನಿಲ್ಲುತ್ತಿದ್ದಳು. ಅಣ್ಣ ಅಲ್ಲೇ ಇದ್ದವನು ಹಗ್ಗ ಸುತ್ತುವ ನೆಪದಲ್ಲಿ ಹಿತ್ತಲಿಗೆ ಹೋದ. ಇಪ್ಪತ್ತೆಂಟು ವರ್ಷ ಆ ಕೋಣೆಯ ಒಳಗೆ ಬದುಕಿದವಳು ಮುಂದಿನ ಬೆಳೆಯಿಂದ ಹೊರಗಿನ ಕಲ್ಲಿನ ಮೇಲೆ ಕೂತು ಸೊಪ್ಪು ಕತ್ತರಿಸಿ ಕೊಡಬೇಕು ಎಂದಾಯಿತು. ಒಳಗೆ ಅವ್ವ, ಕಣ್ಣು ಮಂಜಾದವಳು, ತಡಕಾಡಿಕೊಂಡು ಸೊಪ್ಪು ಹಾಕುವುದು.

ನಾನು ಭಾನುವಾರ ಹೋದಾಗ ಅತ್ತಿಗೆ ಆ ಕಲ್ಲಿನ ಮೇಲೆ ಕೂತಿದ್ದಳು. ಏನೇನೋ ಮಾತಾಡಿ, ತಟ್ಟನೆ ಅಂದಳು: "ಊರೋರ್ ನೀರೆಲ್ಲ ನೋಡ್ತೀಯ. ನನ್ನೂ ಒಂದ್ ಬಾಟ್ಲಿಗ್ ಹಾಕ್ಕಂಡ್ ಹೋಗ್ ನೋಡಮ್ಮಿ. ನನ್ ಮೈಯಾಗೆ ಅದೇನ್ ಐತೆ ಅಂತ." ತಮಾಷೆಗೆ ಅಂದದ್ದಲ್ಲ. ನನಗೆ ಅಳು ಬರಬೇಕಿತ್ತು. ಬರಲಿಲ್ಲ. "ಸುಮ್ನಿರು ಅತ್ತಿಗೆ," ಎಂದೆ.

ಆಗ ಅವಳು ಇನ್ನೊಂದು ವಿಷಯ ಹೇಳಿದಳು. ಎರಡನೇ ಬೆಳೆಯಲ್ಲಿ ಅವಳು ಒಂದು ಹಿಡಿ ಹುಳು ಬೇರೆ ತೆಗೆದು, ಅಡುಗೆಮನೆಯ ಅಟ್ಟದ ಮೇಲೆ ಒಂದು ಮೊರದಲ್ಲಿ ಸಾಕಿದ್ದಳು. ಅದಕ್ಕೆ ತೋಟದ ಸೊಪ್ಪು ಹಾಕಿರಲಿಲ್ಲ, ಬಾವಿಯ ಕಟ್ಟೆಯ ಪಕ್ಕದ ಹಳೇ ಹಿಪ್ಪುನೇರಳೆ ಮರದ್ದು ಹಾಕಿದ್ದಳು. ಅಷ್ಟೂ ಹುಳು ಗೂಡು ಕಟ್ಟಿದವು. ಸೆರಗಿನ ಗಂಟು ಬಿಚ್ಚಿ ತೋರಿಸಿದಳು, ಗಟ್ಟಿ ಗೂಡು, ಬೆರಳಲ್ಲಿ ಒತ್ತಿದರೆ ಬಗ್ಗುವುದಿಲ್ಲ. "ಇವನ್ನೂ ನಾನೇ ಮುಟ್ಟಿದ್ದು. ಇದೇ ಕೈ." ಅಣ್ಣನಿಗೆ ತೋರಿಸಿದ್ದಕ್ಕೆ ಅವನು, "ಸುಮ್ಕಿರು, ಅವ್ವಂಗ್ ಹೇಳುದ್ರೆ ಇನ್ನೊಂದ್ ರಾದ್ಧಾಂತ," ಎಂದನಂತೆ. ಏಳನೇ ಕ್ಲಾಸು ಓದಿದ ಹೆಂಗಸು, ಒಬ್ಬಳೇ, ಅಡುಗೆಮನೆಯಲ್ಲಿ ಇಂಥ ಪರೀಕ್ಷೆ ಮಾಡಿದ್ದಾಳೆ. ಎಂ.ಎಸ್ಸಿ. ಮಾಡಿದ ನಾನು ಅದುವರೆಗೆ ತೋಟದ ಕಡೆ ತಲೆಯನ್ನೂ ಹಾಕಿರಲಿಲ್ಲ.

ಆವತ್ತೇ ತೋಟದ ಮಣ್ಣು, ಬಾವಿ ಮರದ ಬುಡದ ಮಣ್ಣು, ಎರಡರ ಸೊಪ್ಪು ಬೇರೆ ಬೇರೆ ಚೀಲದಲ್ಲಿ ಕಟ್ಟಿಕೊಂಡು ಬಂದೆ. ಬೆಂಗಳೂರಿನ ದೊಡ್ಡ ಲ್ಯಾಬೊಂದರಲ್ಲಿ ನನ್ನ ಜೊತೆ ಓದಿದವಳೊಬ್ಬಳಿದ್ದಾಳೆ, ಅವಳಿಗೆ ಕಳಿಸಿದೆ. ಉತ್ತರ ಬರಲು ಸಮಯ ಹಿಡಿಯಿತು. ಬಂತು. ತೋಟದ ಮಣ್ಣಿನಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ, ಸೊಪ್ಪಿನಲ್ಲೂ ಕ್ಯಾಡ್ಮಿಯಂ. ಬಾವಿ ಮರದ್ದು ಸ್ವಚ್ಛ. ಅವಳು ಫೋನಿನಲ್ಲಿ, "ಇದು ಎಲ್ಲಿಯದೇ ಮಾರಾಯ್ತಿ?" ಎಂದು ಕೇಳಿದಳು. "ಯಾರೋ ರೈತರದು," ಎಂದೆ. ಬಾಯಿಗೆ ಅದೇ ಬಂತು.

ಎಲ್ಲಿಂದ ಬಂತು ಎಂದು ಆಣೆ ಮಾಡಿ ಹೇಳಲಾರೆ. ಕೆರೆಗೆ ನೀರು ತರುವ ಹಳ್ಳದ ಮೇಲ್ಗಡೆ ಹಿಂದೆ ಎರಡು ಶೆಡ್ಡುಗಳಿದ್ದವು, ನಟ್ಟು ಬೋಲ್ಟುಗಳಿಗೆ ತುಕ್ಕು ಹಿಡಿಯದ ಹಾಗೆ ಇದೇ ಲೋಹದ ಲೇಪ ಹಾಕುತ್ತಿದ್ದವು. ಮುಚ್ಚಿ ಬಹಳ ವರ್ಷವಾಯಿತು. ಈಗ ಅಲ್ಲಿ ಯಾರೋ ಕುರಿ ಕೂಡುತ್ತಾರೆ. ಶೆಡ್ಡು ಹೋದರೂ ಹಳ್ಳ ಇರುತ್ತದೆ. ಮಳೆ ಬಂದಾಗೆಲ್ಲ ಮಣ್ಣಿನ ಕಣಕ್ಕೆ ಅಂಟಿಕೊಂಡು ಸ್ವಲ್ಪ ಸ್ವಲ್ಪವೇ ಇಳಿದು, ಕೆರೆಯಲ್ಲಿ ನೀರು ನಿಂತ ಜಾಗದಲ್ಲಿ ತಾನೂ ಕೂತಿರಬೇಕು. ನೀರಿನಲ್ಲಿ ಅದು ಇದ್ದಿರಲಾರದು. ಇದ್ದದ್ದೆಲ್ಲ ತಳದಲ್ಲಿತ್ತು.

ತಳದಲ್ಲಿ ಇದ್ದಷ್ಟು ದಿನ ಅದು ಯಾರ ತಂಟೆಗೂ ಬರಲಿಲ್ಲ. ಕೆರೆಯ ಆಳದಲ್ಲಿ ಗಾಳಿ ಆಡುವುದಿಲ್ಲ. ಎಲೆ, ಜೊಂಡು ಗಾಳಿಯಿಲ್ಲದೆ ಕೊಳೆಯುವಾಗ ಗಂಧಕದ ಅನಿಲ ಹುಟ್ಟುತ್ತದೆ, ಕೊಳೆತ ಮೊಟ್ಟೆಯ ನಾತ ಅದರದ್ದೇ, ಆ ಕಪ್ಪು ಬಣ್ಣವೂ ಅದರಿಂದಲೇ. ಆ ಗಂಧಕ ಲೋಹವನ್ನು ಹಿಡಿದು ಕದಲದ ಹಾಗೆ ಕೂರಿಸಿಬಿಡುತ್ತದೆ. ಕರಗುವುದಿಲ್ಲ, ನೀರಿಗೆ ಬರುವುದಿಲ್ಲ. ಆ ಮಣ್ಣನ್ನು ಅಗೆದು ತಂದು ಗಾಳಿಗೆ, ಬಿಸಿಲಿಗೆ ತೆಳ್ಳಗೆ ಹರವಿದರೆ ಗಂಧಕದ ಹಿಡಿತ ಸಡಿಲುತ್ತದೆ. ಮಣ್ಣು ಹುಳಿಯಾಗುತ್ತದೆ. ಲೋಹ ಬಿಡಿಸಿಕೊಂಡು ಮಳೆನೀರಿನಲ್ಲಿ ಕರಗಿ ಬೇರಿನ ಬಾಯಿಗೆ ಹೋಗುತ್ತದೆ, ಬೇರಿನಿಂದ ಎಲೆಗೆ, ಎಲೆಯಿಂದ ಹುಳುವಿಗೆ. ಇದೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ಪಾಠ. ಕೆರೆಯಲ್ಲಿ ಮಲಗಿದ್ದ ವಿಷವನ್ನು ಟ್ರ್ಯಾಕ್ಟರ್ ಕಳಿಸಿ ಮನೆಗೆ ತರಿಸಿದವಳು ನಾನು. ಜೊತೆಗೆ ಅತ್ಯುತ್ತಮ ಎಂದು ಬೇರೆ ಬರೆದಿದ್ದೆ.

ಇನ್ನು ಒಂದು ವಾರಕ್ಕೆ ಮೂರನೇ ಬೆಳೆಯ ಮರಿಹುಳು ಮನೆಗೆ ಬರುವುದಿತ್ತು. ಫೋನು ಮಾಡಿ, "ತರಬೇಡಿ, ತೋಟ ಕೆಟ್ಟಿದೆ," ಎಂದರೆ ಆಗುತ್ತಿತ್ತು. ಮಾಡಲಿಲ್ಲ. ಏಕೆ ಅಂತ ಕೇಳಿದರೆ ಈಗಲೂ ನೆಟ್ಟಗೆ ಉತ್ತರವಿಲ್ಲ. ನಾಚಿಕೆ ಇತ್ತು, ನಿಜ. ಊರಿನವರಿಗೆಲ್ಲ ನನ್ನ ಸಹಿ ತೋರಿಸಿದ್ದಾನಲ್ಲ ಅಣ್ಣ ಎಂಬ ಹೆದರಿಕೆಯೂ ಇತ್ತು. ಆದರೆ ಎರಡು ದಿನ ಕಳೆದ ಮೇಲೆ ಅದೂ ಇರಲಿಲ್ಲ. ಬೆಳಿಗ್ಗೆ ಎದ್ದು ಸಾರು ಮಾಡುತ್ತಿದ್ದೆ, ಟಿಫಿನ್ ಬ್ಯಾಗಿನಲ್ಲಿ ಆ ಕಾಗದ ಇಟ್ಟುಕೊಂಡೇ ಲ್ಯಾಬಿಗೆ ಹೋಗುತ್ತಿದ್ದೆ, ಬಿಡದಿಯ ಫ್ಯಾಕ್ಟರಿ ಬಸ್ಸುಗಳು ಹೋಗುವುದನ್ನು ನೋಡುತ್ತಾ ರಸ್ತೆ ದಾಟಲು ನಿಲ್ಲುತ್ತಿದ್ದೆ. ನಾಳೆ ಹೇಳೋಣ. ಭಾನುವಾರ ಹೇಳೋಣ. ಕಾಗದದ ಮೂಲೆಗೆ ಸಾರಿನ ಕಲೆ ಹತ್ತಿತು. ಮನೆ ಸಾಗುತ್ತಿತ್ತು, ನಾನೂ ಸಾಗುತ್ತಿದ್ದೆ. ಅಲ್ಲೊಬ್ಬಳು ಕಲ್ಲಿನ ಮೇಲೆ ಕೂತಿದ್ದಾಳೆ ಎಂಬುದು ಗೊತ್ತಿತ್ತು, ಅಷ್ಟೇ. ಗೊತ್ತಿರುವುದಕ್ಕೂ ಅನ್ನಿಸುವುದಕ್ಕೂ ನಡುವೆ ಇರಬೇಕಾದ ತಂತಿ ನನ್ನಲ್ಲಿ ಕಡಿದುಹೋಗಿತ್ತು.

ಮೂರನೇ ಬೆಳೆಯೂ ಸತ್ತಿತು. ಈ ಸಲ ಅತ್ತಿಗೆ ಒಂದು ಹುಳುವನ್ನೂ ಮುಟ್ಟಿರಲಿಲ್ಲ. ಈಗಲಾದರೂ ಅವ್ವನಿಗೆ ತಿಳಿಯಬಹುದು ಎಂದುಕೊಂಡರೆ, ಅವ್ವ ಅಂದದ್ದು ಬೇರೆ: "ಸೊಪ್ ಕುಯ್ದಿದ್ದು ಅವ್ಳೇ ಅಲ್ವಾ? ತ್ವಾಟುಕ್ಕೂ ಹೋಗ್ಬ್ಯಾಡ ಅನ್ನು. ಒಸಿ ದಿನ ಅವ್ಳ ಅಣ್ಣನ್ ಮನೇಲಿ ಇದ್ದು ಬರ್ಲಿ, ಶಾಂತಿ ಮಾಡ್ಸಾನ." ಅಣ್ಣ ಇದನ್ನು ನನಗೆ ಫೋನಿನಲ್ಲಿ ಹೇಳಿದ. ಅವನ ದನಿಯಲ್ಲಿ ಬೇಡ ಎನ್ನುವ ಶಕ್ತಿ ಇರಲಿಲ್ಲ. "ಅವ್ಳೇನಂದ್ಲು?" ಎಂದೆ. "ಬಟ್ಟೆ ಕಟ್ಕತಾವ್ಳೆ," ಎಂದ.

ಅರ್ಧ ದಿನ ರಜೆ ಹಾಕಿ ಹೋದೆ. ಪಡಸಾಲೆಯಲ್ಲಿ ಅವ್ವ, ಅಣ್ಣ ಇದ್ದರು. ಅತ್ತಿಗೆ ಬಾಗಿಲ ಮರೆಯಲ್ಲಿ, ಪಕ್ಕದಲ್ಲಿ ಒಂದು ಚೀಲ. ನಿಂತುಕೊಂಡೇ ಎಲ್ಲ ಹೇಳಿದೆ. ಅತ್ತಿಗೆಯದು ಏನೂ ಇಲ್ಲ, ಸೂತಕವೂ ಇಲ್ಲ ಗೀತಕವೂ ಇಲ್ಲ, ಗೋಡಿನಲ್ಲಿ ವಿಷ ಇದೆ, ಅದನ್ನು ಹಾಕಿ ಎಂದು ಹೇಳಿದವಳು ನಾನು. ಕಾಗದವನ್ನು ನೆಲದ ಮೇಲಿಟ್ಟೆ.

ಅಣ್ಣ ಕಾಗದದ ಕಡೆ ಬಗ್ಗಿ ನೋಡಿ ಕೇಳಿದ. "ಔಷ್ದಿ ಹೊಡುದ್ರೆ ಹದ್ನೈದು ದಿನ ಬುಟ್ಟು ಸೊಪ್ ಕುಯ್ಯಲ್ವಾ? ಹಂಗೇ ಒಂದ್ ಬೆಳೆ ಬುಟ್ರೆ ಹೋಗಲ್ವಾ ಅದು?"

"ಔಷ್ದಿ ಬಿಸ್ಲಿಗೆ, ನೀರಿಗೆ, ಮಣ್ಣಿನ ಹುಳಕ್ಕೆ ಸಿಕ್ಕಿ ಮುರಿದೋಯ್ತದೆ ಅಣ್ಣ. ಮುರಿದ ಮೇಲೆ ಅದು ಬೇರೆ ಏನೋ ಆಯ್ತದೆ. ಇದು ಲೋಹ. ಮುರಿಯಾಕೆ ಅದ್ರಲ್ಲಿ ಏನೂ ಇಲ್ಲ. ಜಾಗ ಬದ್ಲಾಯಿಸ್ತದೆ, ಅಷ್ಟೇಯ."

"ಅಂಗಾರೆ ಯಾವಾಗ್ ಹೋದದು?"

"ಹೋಗಲ್ಲ."

ಅವ್ವ ಇಷ್ಟು ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದವಳು ಎದ್ದಳು. ಒಳಗೆ ಹೋಗಿ, ದೇವರ ಪಟದ ಹಿಂದೆ ಕೈ ಹಾಕಿ, ನನ್ನ ಹಳೆಯ ವರದಿ ತಂದು ಹೊಸದರ ಪಕ್ಕದಲ್ಲಿಟ್ಟಳು. ಅವ್ವನಿಗೆ ಓದಲು ಬರುವುದಿಲ್ಲ, ನನ್ನ ಸಹಿ ಮಾತ್ರ ಗೊತ್ತು. ನೆಲಕ್ಕೆ ಬಗ್ಗಿ ಎರಡನ್ನೂ ಹತ್ತಿರದಿಂದ ನೋಡಿ, ಆ ಸಹಿಯ ಮೇಲೆ ಬೆರಳಿಟ್ಟಳು. "ಇದ್ಯಾರ್ ಸೈನು? ಕೆರೆ ಚೆಂದಾಗೈತೆ ಅಂತ ನೀನೇ ಬರ್ಕೊಟ್ಟಿದ್ದಲ್ವಾ? ಈವಾಗ ಅವ್ಳ ಕಳಿಸ್ತೀವಿ ಅನ್ನೋವಾಗ ಬಂದು ಇನ್ನೊಂದ್ ಹೇಳ್ತೀಯ. ಹೊಸ ಕಾಗ್ದದಲ್ಲಿ ನಿನ್ ಸೈನೇ ಇಲ್ಲ." ಹೌದು, ಅದರಲ್ಲಿ ಬೆಂಗಳೂರಿನವರ ಸಹಿ ಇತ್ತು. ಜೀವಮಾನದಲ್ಲಿ ಮೊದಲ ಸಲ ನನ್ನ ಸಹಿಗೆ ಇಷ್ಟು ಬೆಲೆ ಬಂದಿತ್ತು, ಅದೂ ಸುಳ್ಳಾದ ಸಹಿಗೆ.

ಅತ್ತಿಗೆ ಬಾಗಿಲ ಮರೆಯಿಂದ ಬಂದು ಹೊಸ ಕಾಗದ ಎತ್ತಿಕೊಂಡಳು. ಬೆರಳಿಟ್ಟು ಓದಿದಳು, ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಅವ್ವನ ಕಡೆ ತಿರುಗಿದಳು. "ಅತ್ತೆ, ನಂಗೆರಡು ತಟ್ಟೆ ಕೊಡಿ. ಹುಳಮನೆಗ್ ಬರಾಕಿಲ್ಲ. ಇಲ್ಲೇ, ನಿಮ್ ಕಣ್ ಮುಂದೆ, ಪಡ್ಸಾಲೇಲಿ ತೂಗ್ ಹಾಕ್ತೀನಿ. ಒಂದುಕ್ಕೆ ತ್ವಾಟುದ್ ಸೊಪ್ಪು, ಒಂದುಕ್ಕೆ ಬಾವಿ ಮರದ್ದು. ಎರಡ್ಕೂ ನಾನೇ ಹಾಕ್ತೀನಿ. ನನ್ ಕೈಯೇ ಕೆಟ್ಟಿದ್ರೆ ಎರಡೂ ಸಾಯ್ಲಿ. ಆಗ ನಾನೇ ಹೊರಟೋಯ್ತೀನಿ."

ಅವ್ವ ಒಪ್ಪಿದಳು. ಒಪ್ಪಲೇಬೇಕು, ಅದು ಅವ್ವನಿಗೆ ಅರ್ಥವಾಗುವ ಮಾತು.

ಪಕ್ಕದ ಮನೆಯ ಬೆಳೆಯಿಂದ ಎರಡು ಹಿಡಿ ಮರಿಹುಳು ತಂದರು. ಇರುವೆ ಹತ್ತದ ಹಾಗೆ ಎರಡು ತಟ್ಟೆಯನ್ನೂ ಜಂತಿಗೆ ಹಗ್ಗದಲ್ಲಿ ತೂಗಿಬಿಟ್ಟಳು. ಅವ್ವ ಎದುರಿಗೇ ಚಾಪೆ ಹಾಕಿ ಕೂತಳು, ಮಲಗಿದ್ದೂ ಅಲ್ಲೇ. ಸೊಪ್ಪು ತಂದಾಗಲೆಲ್ಲ ಮೂಸಿ ನೋಡುವಳು, ಯಾವ ಸೊಪ್ಪು ಯಾವ ತಟ್ಟೆಗೆ ಎಂದು ಬಾಯಿಬಿಟ್ಟು ಹೇಳಿಸುವಳು. ನಾನು ಭಾನುವಾರಗಳಂದು ಹೋಗಿ ಮೂಲೆಯಲ್ಲಿ ಕೂತು ಬರುತ್ತಿದ್ದೆ. ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮೂರನೇ ಜ್ವರದ ತನಕ ಎರಡೂ ಒಂದೇ ಥರ ಇದ್ದವು. ಅಣ್ಣನ ಮುಖ ಬಾಡಿತು. ನಾಲ್ಕನೆಯದು ಎದ್ದ ಮೇಲೆ ತೋಟದ ಸೊಪ್ಪಿನ ತಟ್ಟೆಯ ಹುಳು ಅಂಚಿಗೆ ಹರಿಯತೊಡಗಿದವು. ಇನ್ನೊಂದರಲ್ಲಿ ಹುಳು ಕಿರುಬೆರಳ ಗಾತ್ರವಾಗಿ, ಹಣ್ಣಾಗಿ, ಮೈ ಪಾರದರ್ಶಕವಾಗಿ ಗೂಡಿಗೆ ಕೂತವು.

ಅವ್ವ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ತಪ್ಪಾಯಿತು ಎನ್ನಲಿಲ್ಲ, ಅವ್ವನಿಗೆ ಆ ಮಾತು ಬರುವುದಿಲ್ಲ. ಪೊರಕೆ ತಂದು ಹುಳುಮನೆಯ ಹೊಸ್ತಿಲಿನ ಸುಣ್ಣವನ್ನು ಗುಡಿಸಿದಳು. ಅತ್ತಿಗೆಯ ಕೈಗೆ ಸುಣ್ಣದ ಡಬ್ಬ ಕೊಟ್ಟು, "ನೀನೇ ಹಾಕವ್ವ, ನಂಗ್ ಕಣ್ ಕಾಣಾಕಿಲ್ಲ," ಎಂದಳು.

ತೋಟವನ್ನು ಕಿತ್ತರು. ಗೋಡು ಬೇರೆ ಮಣ್ಣಿನ ಜೊತೆ ಬೆರೆತುಹೋಗಿತ್ತು, ಬೇರೆ ಮಾಡಲಾಗಲಿಲ್ಲ. ಕೆರೆಗೆ ವಾಪಸು ಸುರಿಯುವುದೂ ಸರಿಯಲ್ಲ. ನಾನು ಹೇಳಿದ ಹಾಗೆ ಅಣ್ಣ ಹೊಲಕ್ಕೆಲ್ಲ ಸುಣ್ಣ ಹೊಡೆಸಿದ. ಸುಣ್ಣ ಬಿದ್ದರೆ ಮಣ್ಣಿನ ಹುಳಿ ತಗ್ಗುತ್ತದೆ, ಲೋಹ ಬೇರಿಗೆ ಸಿಗದ ಹಾಗೆ ಒಂದಷ್ಟು ಕಚ್ಚಿಕೊಂಡಿರುತ್ತದೆ. ಹೋಗುವುದಿಲ್ಲ, ಸುಮ್ಮನಿರುತ್ತದೆ. ತಿನ್ನುವ ಬೆಳೆ ಬೇಡ ಎಂದು ಈಗ ಅಲ್ಲಿ ಚೆಂಡುಹೂ. ತೂಬಿನ ಹತ್ತಿರದ ಗೋಡು ಇನ್ನು ಯಾರೂ ತೆಗೆಯಬಾರದು ಎಂದು ಕೆರೆ ಏರಿಯ ಮೇಲೆ ನಿಂತು ಊರವರಿಗೆ ನಾನೇ ಹೇಳಿದೆ. ಒಬ್ಬ, "ಹೋದ್ ವರ್ಷ ಅತ್ಯುತ್ತಮ ಅಂದಿದ್ರಿ ಮೇಡಮ್ಮು," ಎಂದ. "ಹೂಂ, ಅಂದಿದ್ದೆ," ಎಂದೆ.

ಹುಳುಮನೆಯಲ್ಲಿ ಮತ್ತೆ ಬೆಳೆ ಶುರುವಾಯಿತು, ಚಿಕ್ಕದಾಗಿ, ಬೇರೆಯವರ ತೋಟದ ಸೊಪ್ಪಿನಲ್ಲಿ. ಆ ಭಾನುವಾರ ನಾನು ತಲೆಗೆ ನೀರು ಹುಯ್ದುಕೊಂಡು, ಎಂದಿನ ಗೂಟದಲ್ಲಿದ್ದ ಅವಳ ಹಳೇ ಸೀರೆ ಉಟ್ಟು, ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಬಂದೆ. ಅತ್ತಿಗೆ ಒಳಗೆ ಸೊಪ್ಪು ಹಾಕುತ್ತಿದ್ದಳು. ತಲೆಯೆತ್ತಿ ನೋಡಿ, ಸೊಂಟದಿಂದ ಆ ಕಾಗದ ತೆಗೆದಳು. ಸಾರಿನ ಕಲೆ ಹಾಗೆಯೇ ಇತ್ತು.

"ಇದ್ರಲ್ಲಿ ತಾರೀಕು ಐತೆ," ಎಂದಳು. "ಮೂರ್ನೇ ಬೆಳೆ ಹುಳ ತರಾಕೆ ಎಂಟು ದಿನ ಮುಂಚೆ. ನೀನು ಬಂದು ಹೇಳಿದ್ ದಿನುಕ್ಕೆ ಮೂವತ್ತೆರಡು ದಿನ. ನಾನು ಎಣಿಸ್ದೆ."

ನಾನು ಹೂಂ ಎಂದೆ.

"ಅಷ್ಟ್ ದಿನಾನೂ ನಾನು ಆ ಕಲ್ ಮ್ಯಾಲೆ ಕುಂತಿದ್ದೆ ಅಮ್ಮಿ. ನಾಕು ಭಾನ್ವಾರ ಬಂದ್ ಹೋದೆ ನೀನು. ನನ್ ಪಕ್ಕ ಕುಂತ್ಕಂಡು ಕಾಫಿ ಕುಡುದ್ ಹೋದೆ."

ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಕಾಗದವನ್ನು ಮತ್ತೆ ಮಡಚಿ ಸಿಕ್ಕಿಸಿಕೊಂಡು ಸೊಪ್ಪು ಹಾಕತೊಡಗಿದಳು. ನಾನು ಸುಣ್ಣದ ಮೇಲೆ ಕಾಲಿಟ್ಟೆ.

"ನೀನು ಆಚೇನೇ ಇರು," ಎಂದಳು.

"ಆಸಿಡ್ ವಾಸ್ನೇನಾ?"

"ಅಲ್ಲ."

ಎಷ್ಟೋ ತಿಂಗಳ ಮೇಲೆ ಆಗ ನನಗೆ ನೋವಾಯಿತು, ಎದೆಯಲ್ಲಿ, ಎಲ್ಲಿ ಎಂದು ಬೆರಳಿಟ್ಟು ತೋರಿಸುವ ಹಾಗೆ. ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು. ಅವಳ ಸೀರೆ ಬಿಚ್ಚಿ ಮಡಚಿ ಗೂಟಕ್ಕೆ ಹಾಕಿ, ನನ್ನದನ್ನು ಉಟ್ಟುಕೊಂಡು ಮೂರು ಗಂಟೆಯ ಬಸ್ಸಿಗೆ ರಾಮನಗರಕ್ಕೆ ಬಂದೆ. ಬಸ್ಸಿನಲ್ಲಿ ನೋಡಿಕೊಂಡರೆ ಬಲಗಾಲಿನ ಬೆರಳ ಸಂದಿಯಲ್ಲಿ ಸುಣ್ಣ ಇನ್ನೂ ಇತ್ತು.